ಕ್ರಾಸ್‌ಓವರ್ ಮಾಡಿದರೂ ಡಿಫೆಂಡರ್ ಅಲ್ಲೇ ಇರ್ತಾನೆ, ಎಲ್ಲಿ ತಪ್ಪು?

ಮಹಡಿ ಡ್ರಿಬ್ಲರ್, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ, ಐದಡಿ ಐದಿಂಚು, ಕಾಲೇಜು ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು. ಎರಡು ತಿಂಗಳಿಂದ ಮನೆ ಮಹಡಿ ಮೇಲೆ ಕ್ರಾಸ್‌ಓವರ್ (ಚೆಂಡು ಪುಟಿಸುತ್ತಾ ಮೈ ಮುಂದೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸೋದು), ಹಾಗೇ ಕಾಲಿನ ಮಧ್ಯೆ, ಬೆನ್ನ ಹಿಂದೆ ದಾಟಿಸೋದು ಎಲ್ಲ ಕಲಿತೆ. ಕೆಳಗಿನ ಮನೆ ಅಜ್ಜಿಯಿಂದ ಬೈಸಿಕೊಂಡಿದ್ದೂ ಆಯ್ತು. ಒಬ್ಬನೇ ಇದ್ದಾಗ ಸೂಪರ್. ಎದುರಿಗೆ ಒಬ್ಬ ನಿಂತರೆ ಮುಗೀತು. 1997ರಲ್ಲಿ ಅಮೆರಿಕದ ಎನ್‌ಬಿಎ ಲೀಗಲ್ಲಿ ಅಲೆನ್ ಐವರ್ಸನ್ ಸ್ಟಾರ್ ಆಟಗಾರ ಮೈಕೆಲ್ ಜೋರ್ಡನ್‌ಗೆ ಮಾಡಿದ ಕ್ರಾಸ್‌ಓವರ್ ನೂರು ಸಲ ನೋಡಿದ್ದೇನೆ. ನಾನು ಅದನ್ನೇ ಮಾಡಿದರೆ ಡಿಫೆಂಡರ್ ಸುಮ್ನೆ ಒಂದು ಹೆಜ್ಜೆ ಸರಿದು ಮತ್ತೆ ಎದುರಿಗೇ ಬರುತ್ತಾನೆ. ಕಳೆದ ವಾರ ಮೂರು ಸಲ ಚೆಂಡು ಕಿತ್ತುಕೊಂಡ.

ಹಳೇ ಗಾರ್ಡ್, ಮೈಸೂರು:
ತಮ್ಮಾ, ನಾನು ಇಪ್ಪತ್ತು ವರ್ಷದ ಹಿಂದೆ ಕಾಲೇಜು ಟೀಮಿಗೆ ಆಡಿದವಳು. ನಿನಗಿಂತ ಮೂರಿಂಚು ಕುಳ್ಳಿ. ನಿನ್ನ ಕೈ ಸರಿಯಾಗೇ ಇರಬಹುದು, ಕಣ್ಣು ಎಲ್ಲಿದೆ ಅನ್ನೋದೇ ಪ್ರಶ್ನೆ.

ಆ ವಿಡಿಯೊ ಮತ್ತೆ ನೋಡು. ಐವರ್ಸನ್ ಎರಡು ಸಲ ಕ್ರಾಸ್ ಮಾಡುತ್ತಾನೆ. ಮೊದಲನೆಯದು ಚಿಕ್ಕದು, ಜೋರ್ಡನ್ ವಾಲುತ್ತಾನಾ ಅಂತ ನೋಡೋಕೆ. ವಾಲಿದ ಮೇಲೇ ದೊಡ್ಡದು. ಅಷ್ಟಾದರೂ ಜೋರ್ಡನ್ ವಾಪಸ್ ಬಂದು ಶಾಟ್‌ಗೆ ಕೈ ಚಾಚುತ್ತಾನೆ! ನೀನು ಮಹಡಿ ಮೇಲೇ ತೀರ್ಮಾನ ಮಾಡಿಕೊಂಡು ಬಂದಿರ್ತೀಯ, ಅಲ್ವಾ?

ಎದುರಿನವನ ಪಾದ ನೋಡು. ಸಾಮಾನ್ಯವಾಗಿ ಒಂದು ಕಾಲು ಸ್ವಲ್ಪ ಮುಂದಿರುತ್ತೆ. ಆ ಕಾಲಿನ ಹೊರಪಕ್ಕಕ್ಕೆ ನುಗ್ಗು. ನಿನ್ನನ್ನು ತಡೀಬೇಕಾದರೆ ಅವನು ಸೊಂಟ ತಿರುಗಿಸಿ ಆ ಕಾಲನ್ನು ಹಿಂದಕ್ಕೆ ಎಳೀಬೇಕು. ಅಷ್ಟರಲ್ಲಿ ನಿನ್ನ ಭುಜ ಅವನ ಸೊಂಟ ದಾಟಿರಬೇಕು. ದಾಟುವಾಗ ದೂರ ಸುತ್ತಬೇಡ, ಅವನನ್ನು ಉಜ್ಜಿಕೊಂಡೇ ಹೋಗು. ನೀನು ಅಗಲವಾಗಿ ಸುತ್ತಿದ್ದಕ್ಕೇ ಅವನಿಗೆ ಒಂದು ಹೆಜ್ಜೆ ಸಾಕಾಗಿದ್ದು.

ಕಿತ್ತುಕೊಂಡದ್ದು ಯಾಕೆ ಅಂದರೆ, ಸೊಂಟದೆತ್ತರಕ್ಕೆ ಚೆಂಡು ಪುಟಿಸಿ ಅವನ ಮೂಗಿನ ಮುಂದೆ ದಾಟಿಸಿರ್ತೀಯ. ಮಂಡಿಗಿಂತ ಕೆಳಗೆ ದಾಟಿಸು. ತೀರಾ ಮೈಮೇಲೆ ಬಂದಿದ್ದರೆ ಕ್ರಾಸ್‌ಓವರ್ ಬೇಡವೇ ಬೇಡ, ಕಾಲಿನ ಮಧ್ಯೆ ಅಥವಾ ಬೆನ್ನ ಹಿಂದೆ. ನಿನ್ನ ಮೈಯೇ ಅಡ್ಡ ಇರುತ್ತೆ. ಮತ್ತೆ, ಕುರ್ಚಿ ಇಟ್ಟುಕೊಂಡು ಪ್ರಾಕ್ಟೀಸ್ ಮಾಡೋ ವಿಡಿಯೊಗಳನ್ನು ಬಿಡು. ಕುರ್ಚಿ ವಾಲೋದಿಲ್ಲ. ಗೆಳೆಯನನ್ನು ನಿಲ್ಲಿಸಿಕೋ.

ಭಾನುವಾರದ ಆಟಗಾರ, ಬೆಂಗಳೂರು:
ಗುರು, ಅಕ್ಕ ಹೇಳಿದ್ದರ ಜೊತೆ ವೇಗವನ್ನೂ ಬದಲಿಸು. ಎಲ್ಲವನ್ನೂ ಒಂದೇ ಸ್ಪೀಡಲ್ಲಿ ಮಾಡಿದರೆ ಯಾರೂ ಮೋಸ ಹೋಗಲ್ಲ. ಎನ್‌ಬಿಎ ಆಟಗಾರ ಲೂಕಾ ಡಾನ್ಚಿಚ್ ನೋಡು, ಓಟದಲ್ಲಿ ಅವನಿಗಿಂತ ಚುರುಕಿನವರು ಎಷ್ಟೋ ಜನ, ಆದರೂ ದಾಟಿ ಹೋಗ್ತಾನೆ. ಹೆಸಿಟೇಶನ್ ಕಲಿ: ಓಡುತ್ತಾ ಬಂದು, ಶೂಟ್ ಮಾಡ್ತೀಯೇನೋ ಅನ್ನೋ ಹಾಗೆ ಒಂದು ಕ್ಷಣ ತಲೆ ಎತ್ತು. ಅವನು ಮೇಲೆದ್ದ ತಕ್ಷಣ ಹೊರಡು. ಆ ಹೊತ್ತಲ್ಲಿ ಅಂಗೈ ಚೆಂಡಿನ ಕೆಳಗೆ ಹೋಗಬಾರದು. ನಾನು ಒಂದು ಟೂರ್ನಮೆಂಟಲ್ಲಿ ಹಾಗೆ ಮಾಡಿ ಎರಡು ಸಲ ಕ್ಯಾರಿ (ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಹೋದ ತಪ್ಪು) ವಿಸಿಲ್ ಹೊಡೆಸಿಕೊಂಡೆ. ಮೂರನೇ ಸಲಕ್ಕೆ ಕೋಚ್ ಬೆಂಚಿಗೆ ಕೂರಿಸಿದರು.

ಮಹಡಿ ಡ್ರಿಬ್ಲರ್:
ಅಕ್ಕ, ಹತ್ತು ದಿನ ನೀವು ಹೇಳಿದ ಹಾಗೆ ಮಾಡಿದೆ. ಇವತ್ತು ಅದೇ ಹುಡುಗನನ್ನು ಎರಡು ಸಲ ದಾಟಿದೆ! ಎರಡು ಸಲವೂ ಅವನ ಎಡಗಾಲು ಮುಂದಿತ್ತು. ಆದರೆ ರಿಂಗ್ ಹತ್ತಿರ ಹೋದರೆ ಅಲ್ಲಿ ಇನ್ನೊಬ್ಬ ಉದ್ದದವನು. ಎರಡೂ ಬ್ಲಾಕ್.

ಹಳೇ ಗಾರ್ಡ್:
ಆ ಉದ್ದದವನು ನಿನ್ನ ಕಡೆ ಬಂದಾಗ ಯಾರನ್ನು ಬಿಟ್ಟು ಬಂದ? ನಿಮ್ಮ ಟೀಮಿನ ಹುಡುಗನೊಬ್ಬ ಅಲ್ಲಿ ಖಾಲಿ ನಿಂತು ಕೈ ಎತ್ತಿ ಕೂಗ್ತಾ ಇದ್ದಿರಬೇಕು. ಅವನಿಗೆ ಕೊಡು.