ಸಹಾಯ ಬೇಕು: ಗಾಂಧಿ ಬಜಾರಿನ ನಮ್ಮ ಬಟ್ಟೆ ಅಂಗಡಿಗೆ ಹುಡುಗರು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದು ಅಪ್ಪನ ಕಾಲದ ಬಟ್ಟೆ ಅಂಗಡಿ. ಮದುವೆ ಜವಳಿಗೆ ಈಗಲೂ ಹಳ್ಳಿಗಳಿಂದ ಮನೆಮಂದಿಯೆಲ್ಲ ಬರುತ್ತಾರೆ. ಕಾಲೇಜು ಹುಡುಗ ಹುಡುಗಿಯರು ಮಾತ್ರ ಒಳಗೆ ಕಾಲಿಡುವುದಿಲ್ಲ.

ಎಲ್ಲದಕ್ಕೂ ಆನ್‌ಲೈನ್ ಕಾರಣ ಅಂತ ನನಗೆ ಅನಿಸುವುದಿಲ್ಲ. ಟಾಟಾದವರ ರೆಡಿಮೇಡ್ ಬಟ್ಟೆ ಮಳಿಗೆ ಜುಡಿಯೋ ಆನ್‌ಲೈನಿನಲ್ಲಿ ಮಾರುವುದೇ ಇಲ್ಲ, ಆದರೂ ಅಲ್ಲಿ ಜನ ತುಂಬಿರುತ್ತಾರೆ ಅಲ್ವಾ? ಬೆಲೆ ಚೀಟಿ ಕಾಣುತ್ತದೆ, ಹಾಕಿ ನೋಡಬಹುದು, ಸುಮ್ನೆ ನೋಡಿ ಬಂದರೂ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಎಲ್ಲವೂ ಕೌಂಟರ್ ಹಿಂದಿನ ಕಪಾಟಿನಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5% ಆದಾಗ ಬೆಲೆ ಇಳಿಸಿದೆವು. ಅದರಿಂದಲೂ ಜಾಸ್ತಿ ಬದಲಾಗಲಿಲ್ಲ.

ಕೌಂಟರ್ ತೆಗೆದು ಹ್ಯಾಂಗರಿಗೆ ಹಾಕಿದರೆ ಹಳೇ ಗಿರಾಕಿಗಳಿಗೆ ಬೇಸರವಾಗುತ್ತಾ? ಹೀಗೆ ಅಂಗಡಿ ಬದಲಿಸಿದವರು ಖರ್ಚು ಎಷ್ಟು ಬಂತು, ಉಳಿದ ಸ್ಟಾಕ್ ಏನು ಮಾಡಿದಿರಿ ಅಂತ ದಯವಿಟ್ಟು ತಿಳಿಸಿ.