ಒಂದು ‘ಗೆಣ್ಣು’ ಮುಲಾಮು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಚರ್ಮದ ವೈದ್ಯರಾಗಿರುವ ಗೆಳೆಯರೊಬ್ಬರು ತಮ್ಮಲ್ಲಿಗೆ ಬರುವವರಿಗೆ ಹಂಚಲು ಒಂದು ಪುಟದ ಕನ್ನಡ ಚೀಟಿ ಬರೆದುಕೊಡಿ ಅಂದರು. ಸ್ಟಿರಾಯ್ಡ್ ಮುಲಾಮು ಹೇಗೆ ಹಚ್ಚಬೇಕು ಅನ್ನೋದು ವಿಷಯ. ಅರ್ಧ ಗಂಟೆ ಕೆಲಸ ಅಂದುಕೊಂಡೆ. ಎರಡನೇ ಸಾಲಿಗೇ ಸಿಕ್ಕಿಬಿದ್ದೆ.

“ಮಿತವಾಗಿ ಲೇಪಿಸಿ” ಎಂದು ಬರೆದು ಚಿಕ್ಕಮ್ಮನಿಗೆ ಓದಿಸಿದೆ. ಅವರಿಗೆ ಮೊಣಕೈ ಮಡಿಕೆಯಲ್ಲಿ ಇಸುಬು ಇದೆ. “ಮಿತ ಅಂದ್ರೆ ಎಷ್ಟೋ? ಲೇಪ ಅಂದ್ರೆ ಗಂಧದ ಹಾಗೆ ದಪ್ಪಗೆ ತಾನೆ?” ಅಂದರು. ತಪ್ಪು ನನ್ನದೇ. ‘ಬಳಿ’ ಅಂದರೆ ಗೋಡೆಗೆ ಸುಣ್ಣ ಬಳಿದ ಹಾಗಾಗುತ್ತೆ. ‘ತಿಕ್ಕು’ ಅಂತೂ ಬೇಡವೇ ಬೇಡ, ಇಸುಬು ತಿಕ್ಕಿದಷ್ಟೂ ಕೆರಳುತ್ತದೆ. ಕೊನೆಗೆ ದೋಸೆ ಹೆಂಚಿಗೆ ಎಣ್ಣೆ ಸವರುವುದು ನೆನಪಾಯಿತು. ‘ಸವರು’ ಸಾಕು ಅಲ್ವಾ? ಗಿಡದ ಸೊಪ್ಪು ಸವರುವುದಕ್ಕೂ ಅದೇ ಪದ ಇದೆ, ಆದರೆ ಮುಲಾಮು ಅಂದಮೇಲೆ ಯಾರೂ ಕತ್ತಿ ತೆಗೆಯುವುದಿಲ್ಲ.

ಇನ್ನೊಂದು ಎಡವಟ್ಟು. “ತೆಳುವಾಗಿ ಹಚ್ಚಿ, ಜಾಸ್ತಿ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ” ಎಂದಿದ್ದೆ. ಚಿಕ್ಕಮ್ಮ ಮುಖ ಅರಳಿಸಿ, “ಹಾಗಾದ್ರೆ ಒಳ್ಳೇದೇ, ಇದು ದಪ್ಪಗಾಗಿ ಒರಟಾಗಿದೆ” ಅಂದರು! ಎರಡನೆಯದನ್ನು “ಚರ್ಮ ಸವೆದು ಪೊರೆಯಂತಾಗಿ, ಒಳಗಿನ ಕೆಂಪು ನರ ಕಾಣುತ್ತವೆ” ಎಂದು ತಿದ್ದಿದೆ. ಅವು ನರವಲ್ಲ, ಸಣ್ಣ ರಕ್ತನಾಳಗಳು ಅಂತ ಗೊತ್ತು. ಆದರೆ ಮಾತಿನಲ್ಲಿ ಎಲ್ಲವೂ ನರವೇ.

ಈಗ ನಿಜವಾದ ಪ್ರಶ್ನೆ. ವೈದ್ಯರು ಮುಲಾಮನ್ನು ಅಳೆಯುವುದು ‘ಫಿಂಗರ್‌ಟಿಪ್ ಯೂನಿಟ್’ ಲೆಕ್ಕದಲ್ಲಿ. 1991ರಿಂದ ಬಳಕೆಯಲ್ಲಿರುವ ಅಳತೆ. ಟ್ಯೂಬಿನ ಬಾಯಿ 5 ಮಿಲಿಮೀಟರ್ ಅಗಲ ಇರಬೇಕು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಮುಖ, ಕುತ್ತಿಗೆ ಸೇರಿ ಎರಡೂವರೆ, ಪಾದ ಬಿಟ್ಟು ಒಂದು ಕಾಲಿಗೆ ಆರು. ಮಗುವಿಗೆ ಹಚ್ಚುವಾಗಲೂ ಅಳತೆ ದೊಡ್ಡವರ ಬೆರಳಿನದೇ, ಎಳೆಗಳ ಲೆಕ್ಕ ಮಾತ್ರ ಕಡಿಮೆ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಬೆರಳತುದಿ ಘಟಕ’ ಅಂದರೆ ಯಾವುದೋ ಪಕ್ಷದ ತಾಲ್ಲೂಕು ಘಟಕದ ಹಾಗೆ ಕೇಳುತ್ತೆ. ಚಿಟಿಕೆ, ಹಿಡಿ, ಬೊಗಸೆ, ಗೇಣು, ಮೊಳ, ಮಾರು ಅಂತ ಮೈಯಿಂದಲೇ ಅಳೆಯುತ್ತಾ ಬಂದವರು ನಾವು. ಆ ಸಾಲಿಗೆ ಸೇರುವಂಥ ಪದ ಬೇಕು. ನನಗೆ ಹೊಳೆದದ್ದು ‘ಗೆಣ್ಣು’. ಬೆರಳಿಗೂ ಇದೆ, ಕಬ್ಬಿಗೂ ಇದೆ. “ಕೈಗೆ ಮೂರು ಗೆಣ್ಣು ಮುಲಾಮು” ಅಂದರೆ ನಾಲಿಗೆಗೆ ಸಲೀಸು. ಆದರೆ ನಮ್ಮ ಮನೆಯಲ್ಲೇ ಕೆಲವರು ಅದನ್ನು ‘ಗಿಣ್ಣು’ ಅನ್ನುತ್ತಾರೆ, ಆಗ ಕರು ಹಾಕಿದ ಹಸುವಿನ ಹಾಲು, ಬೆಲ್ಲ, ಏಲಕ್ಕಿ ನೆನಪಾಗುತ್ತೆ. ಅದೂ ಅಲ್ಲದೆ ಗೆಣ್ಣು ಅಂದರೆ ಮಡಿಚುವ ಸಂದೇ, ಅಥವಾ ಎರಡು ಸಂದುಗಳ ನಡುವಿನ ಭಾಗವೇ? ನಿಮ್ಮ ಕಡೆ ಹೇಗೆ ಹೇಳ್ತೀರಿ?

ಕಾಯಿಲೆಯ ಹೆಸರೂ ತಲೆನೋವೇ. “ಹುಳುಕಡ್ಡಿಗೆ ಇದನ್ನು ಹಚ್ಚಬೇಡಿ” ಅನ್ನುವುದು ಚೀಟಿಯಲ್ಲಿ ಇರಲೇಬೇಕು. ಅದು ಫಂಗಸ್. ಸ್ಟಿರಾಯ್ಡ್ ಹಚ್ಚಿದರೆ ನಾಲ್ಕು ದಿನ ತುರಿಕೆ, ಕೆಂಪು ಅಡಗುತ್ತೆ, ಒಳಗೊಳಗೇ ಅದು ಹರಡುತ್ತೆ. ಆದರೆ ಚಿಕ್ಕಮ್ಮನ ನೆರೆಯವರಿಗೆ ತುರಿಸುವುದೆಲ್ಲ ‘ಕಜ್ಜಿ’. ಪಕ್ಕದ ಮನೆಯ ಟ್ಯೂಬು ಇವರ ಮನೆಗೆ ಬರುವುದೂ ಹೀಗೇ. 2018ರಿಂದ ಇಂಥ ಮುಲಾಮು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ನಿಯಮವಿದೆ. ಪಕ್ಕದ ಮನೆಗೆ ಆ ನಿಯಮ ಎಲ್ಲಿಂದ ಬರಬೇಕು! ಗಜಕರ್ಣ, ಹುಳುಕಡ್ಡಿ ಎರಡನ್ನೂ ಬರೆದರೆ ಎಲ್ಲ ಕಡೆಯವರಿಗೂ ತಿಳಿಯುತ್ತಾ? ಬೀದರ್, ಕಲಬುರಗಿ ಕಡೆಯವರು ಮತ್ತು ಕರಾವಳಿಯವರು ದಯವಿಟ್ಟು ಹೇಳಿ. ಚೀಟಿ ಸೋಮವಾರ ಅಚ್ಚಿಗೆ ಹೋಗುತ್ತೆ.