ಫೈಟೋಸಾರ್ ಮೊಸಳೆ ಕಡೆಯದಾ, ಆರ್ಕೋಸಾರ್ ಗುಂಪಿನ ಹೊರಗಿನದಾ?

ಟ್ರಯಾಸಿಕ್‌ಪ್ರಿಯ: ಫೈಟೋಸಾರ್‌ಗಳನ್ನು (ಟ್ರಯಾಸಿಕ್ ಯುಗದ ಉದ್ದ ಮೂತಿಯ ಸರೀಸೃಪಗಳು) ಮೊಸಳೆಯ ಹಳೇ ನೆಂಟರು ಅಂತ ಬರೆಯುವುದನ್ನು ನಿಲ್ಲಿಸಿ. ಮೊಸಳೆ ಮತ್ತು ಹಕ್ಕಿಯ ಕವಲು ಒಡೆಯುವ ಮೊದಲೇ ಅವು ಬೇರೆಯಾದವು, ಅಂದ್ರೆ ಈ ಎರಡೂ ಕವಲು ಸೇರಿದ ಆರ್ಕೋಸಾರ್ ಗುಂಪಿನ ಹೊರಗಿನವು ಅಂತ ಪಳೆಯುಳಿಕೆ ತಜ್ಞ ನೆಸ್ಬಿಟ್ 2011ರಲ್ಲೇ ಹೇಳಿದ್ದಾರೆ. ಮೊಸಳೆಯ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿದೆ, ಇವುಗಳದ್ದು ಕಣ್ಣಿನ ಹತ್ತಿರ. ಉದ್ದ ಮೂತಿ ನೋಡಿ ಮೋಸಹೋಗಬೇಡಿ.

ಮೂಳೆಮಾತು: ಮೂತಿ ಬಿಡಿ, ಕಣಕಾಲು ನೋಡಿ. ಹಿಮ್ಮಡಿ ಮೂಳೆ ಪಾದದ ಜೊತೆ ತಿರುಗುತ್ತದೆ, ಪಕ್ಕದ ಆಸ್ಟ್ರಗಾಲಸ್ ಮೊಳಕಾಲಿನ ಕೆಳಗಿನ ಮೂಳೆಗಳಿಗೆ ಅಂಟಿಕೊಂಡಿರುತ್ತದೆ. ಪಕ್ಕಾ ಮೊಸಳೆ ಕೀಲು. 2016ರಲ್ಲಿ ಇನ್ನೊಬ್ಬ ತಜ್ಞ ಎಸ್ಕುರ್ರಾ ಇವನ್ನು ಮತ್ತೆ ಮೊಸಳೆ ಕವಲಿಗೇ ತಂದರು. ಅದು ಕಣ್ಣಿಗೆ ಬೀಳಲಿಲ್ವಾ?

ಟ್ರಯಾಸಿಕ್‌ಪ್ರಿಯ: "ಪಕ್ಕಾ ಮೊಸಳೆ ಕೀಲು" ಅಂತೀರಾ? ಟಾಂಜಾನಿಯಾದ ಟೆಲಿಯೋಕ್ರೇಟರ್ ಎಂಬ ಸರೀಸೃಪ ಹಕ್ಕಿ ಕವಲಿನ ಬುಡದ್ದು. 2017ರಲ್ಲಿ ವಿವರಿಸಿದಾಗ ನೋಡಿದರೆ ಅದಕ್ಕೂ ಇದೇ ಥರದ ಕೀಲು! ಅಂದ್ರೆ ಕೀಲು ಪೂರ್ವಜರಿಂದ ಬಂದದ್ದು. ಅದರಿಂದ ನೆಂಟಸ್ತನ ಸಾಬೀತಾಗುವುದಿಲ್ಲ.

ಗೋದಾವರಿಕಣಿವೆ: ತೆಲಂಗಾಣದ ಮಲೇರಿ ಶಿಲಾಪದರದ ಪ್ಯಾರಾಸುಕಸ್ ಹಿಸ್ಲೋಪಿ ಎಂಬ ಫೈಟೋಸಾರನ್ನು ಯಾರೂ ಎತ್ತಲೇ ಇಲ್ಲ. 1978ರಲ್ಲಿ ಶಂಕರ್ ಚಟರ್ಜಿ ಬಹುತೇಕ ಪೂರ್ತಿ ಅಸ್ಥಿಪಂಜರಗಳನ್ನೇ ವಿವರಿಸಿದ್ದಾರೆ. ಹೊಟ್ಟೆಯ ಜಾಗದಲ್ಲಿ ನುಂಗಿದ ಮಲೇರಿಸಾರಸ್ ಎಂಬ ಸರೀಸೃಪದ ಮೂಳೆಗಳೂ ಸಿಕ್ಕಿವೆ. ಮೊದಲು ಅದನ್ನು ಓದಿ.

ಮೂಳೆಮಾತು: ಪ್ಯಾರಾಸುಕಸ್ ಹೆಸರೇ ಗಟ್ಟಿಯಿರಲಿಲ್ಲ. 1885ರಲ್ಲಿ ಲೈಡೆಕ್ಕರ್ ಹೆಸರಿಟ್ಟಾಗ ಕೈಯಲ್ಲಿದ್ದದ್ದು ಮೂತಿಯ ತುಂಡಿನಂಥ ಚೂರುಪಾರು. ಆ ಮೂತಿಯ ತುಂಡು ಯಾವ ಫೈಟೋಸಾರ್‌ದಾದರೂ ಆಗಬಹುದಿತ್ತು.

ಗೋದಾವರಿಕಣಿವೆ: ಅದು ಮುಗಿದ ಕಥೆ. ಪ್ರಾಣಿನಾಮಗಳ ಅಂತಾರಾಷ್ಟ್ರೀಯ ಆಯೋಗ 2003ರಲ್ಲಿ ಆ ತುಂಡನ್ನು ಬದಿಗಿಟ್ಟಿತು. ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿರುವ ಅಸ್ಥಿಪಂಜರವೇ ಈಗ ಆ ಹೆಸರಿಗೆ ಆಧಾರವಾದ ಮೂಲ ಮಾದರಿ.

ಮೂಳೆಮಾತು: "ಬದಿಗಿಟ್ಟಿತು"! ಮೊದಲಿನ ಮಾದರಿ ತೆಗೆದು ಇನ್ನೊಂದು ಕೂರಿಸಿದ್ದು ಆಡಳಿತ, ವಿಜ್ಞಾನ ಅಲ್ಲ.

ಗೋದಾವರಿಕಣಿವೆ: ಸ್ವಲ್ಪ ಮರ್ಯಾದೆಯಿಂದ ಮಾತಾಡಿ. ಅಷ್ಟು ಕಷ್ಟಪಟ್ಟು ಅಗೆದು ತೆಗೆದ ಅಸ್ಥಿಪಂಜರಕ್ಕಿಂತ ಮುರುಕು ಮೂತಿ ನಿಮಗೆ ಜಾಸ್ತಿಯಾಯ್ತಾ? ಆ ಮಾದರಿ ಇದ್ದದ್ದಕ್ಕೇ ಜರ್ಮನಿ, ಅಮೆರಿಕದ ಪ್ರಭೇದಗಳನ್ನೂ ಪ್ಯಾರಾಸುಕಸ್‌ಗೆ ಸೇರಿಸಲು ಆಗಿದ್ದು.

ಮೂಳೆಮಾತು: "ಕಷ್ಟಪಟ್ಟು ಅಗೆದರು" ಅನ್ನುವುದು ಪುರಾವೆ ಅಲ್ಲ. ಲೈಡೆಕ್ಕರ್ ಕಾಲದವರೂ ಅಗೆದೇ ತೆಗೆದಿದ್ದು.

ಟ್ರಯಾಸಿಕ್‌ಪ್ರಿಯ: ಹೆಸರಿನ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಟೆಲಿಯೋಕ್ರೇಟರ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಅದರ ಗುಂಪಿನದೇ ಯರಾಸುಕಸ್ ತೆಲಂಗಾಣದ ಯರ್ರಪಲ್ಲಿ ಪದರದಲ್ಲೂ ಇದೆ.

ಮೂಳೆಮಾತು: ಉತ್ತರ ಆಗಲೇ ಕೊಟ್ಟಾಯ್ತು, ಎಸ್ಕುರ್ರಾ 2016. ಟೆಲಿಯೋಕ್ರೇಟರ್ ಎಲ್ಲೇ ಇರಲಿ, ಫೈಟೋಸಾರ್ ಮೊಸಳೆ ಕಡೆಯದೇ.

ಟ್ರಯಾಸಿಕ್‌ಪ್ರಿಯ: ಹಾಗಾದರೆ ಕಣಕಾಲು ಬಿಟ್ಟು ಇನ್ನೊಂದು ಲಕ್ಷಣ ಹೇಳಿ. ಕಾಯ್ತಿದ್ದೇನೆ.